ಆರು ಸ್ಪ್ರಿಂಗು, ಕಳೆದುಹೋದ ಒಂದು ಲಾಕು

ಚಾದರಘಾಟ್ ಸೇತುವೆಯ ಏರಿನಲ್ಲಿ ಟೀಚರಮ್ಮ ಅವತ್ತು ಮೊದಲ ಸಲ ಎಂಜಿನ್ ಬಂದ್ ಮಾಡಿಕೊಳ್ಳದೆ ಎರಡನೇ ಗೇರಿಗೆ ಬಂದಿದ್ದರು. ಶಹಬ್ಬಾಸ್ ಅನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾನೆಟ್ ಕೆಳಗಿನಿಂದ ಸ್ಟೀಲ್ ತಟ್ಟೆಗೆ ಚಮಚ ಬಡಿದಂಥ ಸದ್ದು ಶುರುವಾಯಿತು. ಕಾರು ಚಳಿಜ್ವರ ಬಂದಂತೆ ನಡುಗತೊಡಗಿತು. ಹಿಂದಿದ್ದ ಆಟೋದವನು ಹಾರ್ನ್ ಮೇಲೆ ಇಟ್ಟ ಕೈಯನ್ನು ತೆಗೆಯಲೇ ಇಲ್ಲ.

"ನಾ ಏನೂ ಮಾಡಿಲ್ರೀ!" ಟೀಚರಮ್ಮ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದರು.

"ಮೊದ್ಲ ಕೈ ಕೆಳಗ ಇಡ್ರಿ. ನೀವೇನೂ ಮಾಡಿಲ್ಲ, ಗಾಡಿನs ಮಾಡೈತಿ."

ನನ್ನ ಕಡೆಯ ಪೆಡಲುಗಳಿಂದ ಹೇಗೋ ಕಾರನ್ನು ಸೇತುವೆ ದಾಟಿಸಿ ಬದಿಗೆ ತಂದೆ. ಅದು ನನ್ನ ಡ್ರೈವಿಂಗ್ ಸ್ಕೂಲಿನ ಏಕೈಕ ಕಾರು. ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಗಾಡಿ. ಟೀಚರಮ್ಮ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುವವರು, ಐವತ್ತು ದಾಟಿದವರು. ಯಜಮಾನರ ಕಣ್ಣು ಮಬ್ಬಾದ ಮೇಲೆ ಅವರ ಮನೆಯ ಕಾರು ಧೂಳು ತಿನ್ನುತ್ತ ನಿಂತಿತ್ತು. ಎರಡು ಸಲ ಟೆಸ್ಟಿಗೆ ಹೋಗಿ ಎರಡು ಸಲವೂ ಏರಿನ ಮೇಲೆ ಎಂಜಿನ್ ಬಂದ್ ಮಾಡಿಕೊಂಡು ಫೇಲಾಗಿದ್ದರು. ಮೂರನೆಯ ಟೆಸ್ಟ್ ಬರುವ ಶುಕ್ರವಾರವಿತ್ತು. ಅದೂ ತಪ್ಪಿದರೆ ಕಲಿಕಾ ಲೈಸೆನ್ಸಿನ ಅವಧಿ ಮುಗಿದು ಎಲ್ಲವೂ ಮತ್ತೆ ಮೊದಲಿನಿಂದ.

"ಈ ಸಲ ಆಗ್ಲಿಲ್ಲಂದ್ರ ನಾ ಬಿಟ್ಟs ಬಿಡ್ತೀನ್ರಿ," ಅಂದರು, ಆಟೋ ಹತ್ತುವ ಮುಂಚೆ. ಸಿಟ್ಟಿನಿಂದಲ್ಲ, ಲೆಕ್ಕ ಮುಗಿಸಿದವರ ದನಿಯಲ್ಲಿ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಕಾಚಿಗುಡದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ಎಂಜಿನ್ ತಣ್ಣಗಾದ ಮೇಲೆ ಮೇಲಿನ ಮುಚ್ಚಳ ಬಿಚ್ಚಿದರೆ ಕಾಯಿಲೆ ಕಣ್ಣೆದುರೇ ಇತ್ತು. ಒಂದನೇ ಸಿಲಿಂಡರಿನ ಒಂದು ವಾಲ್ವ್ ಸ್ಪ್ರಿಂಗು ನಡುವೆ ಮುರಿದು, ಮುರಿದ ಸುರುಳಿಗಳು ಒಂದರೊಳಗೊಂದು ತಿರುಚಿಕೊಂಡು ಕೂತಿದ್ದವು. ವಾಲ್ವನ್ನು ಹಿಂದಕ್ಕೆಳೆದು ಮುಚ್ಚಿಸುವುದೇ ಆ ಸ್ಪ್ರಿಂಗಿನ ಕೆಲಸ. ಅದು ಪೂರ್ತಿ ಕೈಬಿಟ್ಟಿದ್ದರೆ ವಾಲ್ವು ಸಿಲಿಂಡರಿನೊಳಗೆ ಬಿದ್ದು ಪಿಸ್ಟನ್ನಿನ ತಲೆ ಒಡೆಯುತ್ತಿತ್ತು. ಸೇತುವೆಯ ಮೇಲೆ ಇನ್ನೊಂದಿಷ್ಟು ದೂರ ಓಡಿಸಿದ್ದರೆ ಎಂಜಿನ್ನೇ ಇರುತ್ತಿರಲಿಲ್ಲ.

ನಾನು ಗಾಡಿ ತೋರಿಸುವ ಗ್ಯಾರೇಜಿನವನಿಗೆ ಫೋನ್ ಮಾಡಿದೆ. "ಹೆಡ್ ಉತಾರನಾ ಪಡತಾ ಮೇಡಂ," ಅಂದ. ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಕೂತ, ವಾಲ್ವುಗಳಿರುವ ಭಾಗ. ಅದನ್ನು ಇಳಿಸಿದರೆ ಗ್ಯಾಸ್ಕೆಟ್, ಗ್ಯಾಸ್ಕೆಟ್ ಆದರೆ ಹೆಡ್ ಸಮ ಮಾಡಿಸುವುದು, ಅದಾದರೆ ವಾಲ್ವ್ ಉಜ್ಜುವುದು. ಶುಕ್ರವಾರ ಅಷ್ಟರಲ್ಲಿ ಎಲ್ಲಿರುತ್ತದೋ. ಆಟೊಮೊಬೈಲ್ ಡಿಪ್ಲೊಮಾ ಓದುವಾಗ ಹೆಡ್ ಇಳಿಸದೆ ಸ್ಪ್ರಿಂಗ್ ಬದಲಿಸುವುದನ್ನು ನಾನು ಕೈಯಾರೆ ಮಾಡಿದ್ದೆ. ಬೇಕಾದದ್ದು ಸರಿಯಾದ ಸಲಕರಣೆ, ಸ್ವಲ್ಪ ಹಗ್ಗ, ಮತ್ತು ಯಾರೂ ಮಾತಾಡಿಸದ ಒಂದು ದಿನ. ಮೊದಲೆರಡು ಸಿಕ್ಕವು.

ಮೂರನೆಯದು ಸಿಗದಿರಲು ಕಾರಣ ಮಾವ. ನಮ್ಮ ಮಾವ ಸರಕಾರಿ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು. ಅವರ ಹೆಸರಿನಲ್ಲಿ ಯಾವತ್ತೂ ಒಂದು ಸೈಕಲ್ಲೂ ಇರಲಿಲ್ಲ; ವಾಹನಗಳ ಬಗ್ಗೆ ಅಭಿಪ್ರಾಯಗಳು ಮಾತ್ರ ಬೇಕಾದಷ್ಟಿದ್ದವು. ಪ್ಲಾಸ್ಟಿಕ್ ಕುರ್ಚಿ ತಂದು ಕಾರಿನ ಎದುರಿಗೇ ಹಾಕಿಕೊಂಡು ಕೂತರು.

"ಎರಡು ಸ್ಕ್ರೂಡ್ರೈವರ್ ಹಾಕಿ ಹಿಂಗ ಒತ್ತಿದ್ರ ಬರತೈತಿ. ಅದಕ್ಯಾಕ ಬ್ಯಾರೆ ಸಾಮಾನು?"

"ಹಂಗ ಒತ್ತಿದ್ರ ಸ್ಪ್ರಿಂಗ್ ಬಂದು ನಿಮ್ಮ ಹಣಿಗಿ ಬಡಿತೈತ್ರಿ ಮಾವ."

ಅವರು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು. ಅಷ್ಟೇ.

ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳ ನೂಕುನುಗ್ಗಲು ದಾಟಿದರೆ ಬಿಡಿಭಾಗ ಮಾರುವ ಗಲ್ಲಿ ಇದೆ. ಆರು ಸ್ಪ್ರಿಂಗು, ಎಣ್ಣೆ ತಡೆಯುವ ಆರು ರಬ್ಬರ್ ಸೀಲು, ಸ್ಪ್ರಿಂಗ್ ಹಿಡಿದಿಡುವ ಲಾಕುಗಳ ಒಂದು ಹೆಚ್ಚುವರಿ ಜೋಡಿ ಸಿಕ್ಕವು. ಒಂದು ಮುರಿದಿದೆ ಎಂದರೆ ಉಳಿದ ಐದೂ ಅದರ ವಯಸ್ಸಿನವೇ. ಸ್ಪ್ರಿಂಗ್ ಅದುಮುವ ಸಲಕರಣೆ ಕೇಳಿದೆ. ಅಂಗಡಿಯವನು ದೊಡ್ಡ ಕುಡುಗೋಲಿನ ಆಕಾರದ ಕ್ಲ್ಯಾಂಪ್ ತೆಗೆದಿಟ್ಟ.

"ಇದು ಹೆಡ್ ಇಳಿಸಿದಾಗ ಹಾಕೋದು. ಹೆಡ್ ಗಾಡಿಯಲ್ಲೇ ಇರುವಾಗ ಹಾಕೋದು ಬೇಕು," ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದೆ.

"ಯೂನಿವರ್ಸಲ್ ಹೈ ಮೇಡಂ. ಸಬ್ ಮೇ ಲಗತಾ."

ಎಲ್ಲ ಗಾಡಿಗೂ ಹತ್ತುತ್ತದಂತೆ. ಅವನ ಆತ್ಮವಿಶ್ವಾಸಕ್ಕೆ ಸೋತು ಹೊತ್ತುಕೊಂಡು ಬಂದೆ. ಹತ್ತಲಿಲ್ಲ. ಹತ್ತುವ ಹಾಗೇ ಇರಲಿಲ್ಲ; ಅದರ ಒಂದು ತುದಿ ವಾಲ್ವಿನ ತಳವನ್ನು ಕೆಳಗಿನಿಂದ ಹಿಡಿಯಬೇಕು, ಕೆಳಗೆ ಇದ್ದದ್ದು ಇಡೀ ಎಂಜಿನ್. ಮತ್ತೆ ಅದೇ ನೂಕುನುಗ್ಗಲು, ಅದೇ ಗಲ್ಲಿ. ಸರದಿಯಲ್ಲಿ ನಿಂತ ನನ್ನ ಮುಖ ನೋಡಿಯೇ ಅಂಗಡಿಯವನು ಏಣಿ ಹತ್ತಿ ಅಟ್ಟದಿಂದ ಇನ್ನೊಂದನ್ನು ಇಳಿಸಿದ. ಹೆಡ್‌ನ ಬೋಲ್ಟುಗಳಿಗೆ ಬಿಗಿಯುವ ಒಂದು ಪಟ್ಟಿ, ಅದಕ್ಕೆ ಸಿಕ್ಕಿಸುವ ಉದ್ದ ಹಿಡಿಕೆ, ಹಿಡಿಕೆಯ ನಡುವೆ ಸ್ಪ್ರಿಂಗಿನ ತಲೆಯ ಮೇಲೆ ಕೂರುವ ಬಟ್ಟಲು. ನಾನು ಮೊದಲ ಸಲವೇ ಕೈಯಿಂದ ಗಾಳಿಯಲ್ಲಿ ಚಿತ್ರ ಬರೆದು ತೋರಿಸಿದ್ದು ಇದನ್ನೇ.

"ಪೆಹಲೇ ಬೋಲನಾ ಥಾ ನಾ," ಅಂದ. ಮೊದಲೇ ಹೇಳಬೇಕಿತ್ತಂತೆ. ನಾನು ಕುಡುಗೋಲನ್ನು ಅವನ ಮುಂದಿಟ್ಟು ಇದನ್ನು ಎತ್ತಿಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಗಂಡ ಗಚ್ಚಿಬೌಲಿಯ ಕಚೇರಿಗೆ ಹೊರಟ ಕೂಡಲೇ ಕೆಲಸ ಹಿಡಿದೆ. ವಾಲ್ವುಗಳನ್ನು ಕುಟ್ಟುವ ರಾಕರ್‌ಗಳನ್ನು ಅವುಗಳ ಶಾಫ್ಟಿನ ಸಮೇತ ತೆಗೆದು, ಇದ್ದ ಕ್ರಮದಲ್ಲೇ ಹಳೆಯ ಪೇಪರಿನ ಮೇಲೆ ಜೋಡಿಸಿದೆ. ಎಂಜಿನ್ ಕೈಯಿಂದ ಹಗುರವಾಗಿ ತಿರುಗಲೆಂದು ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸ್ಪ್ರಿಂಗ್ ತೆಗೆದಾಗ ವಾಲ್ವು ಕೆಳಗೆ ಬೀಳಬಾರದು, ಅದಕ್ಕೇ ಹಗ್ಗ. ಪಿಸ್ಟನ್ ಕೆಳಗಿರುವಾಗ ಪ್ಲಗ್ಗಿನ ತೂತಿನಿಂದ ಮೆತ್ತನೆಯ ನೈಲಾನ್ ಹಗ್ಗವನ್ನು ಸಿಲಿಂಡರಿನೊಳಗೆ ತುರುಕಬೇಕು, ತುದಿ ಮಾತ್ರ ಹೊರಗೆ ಬಿಡಬೇಕು. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು, ಹಗ್ಗವನ್ನು ವಾಲ್ವುಗಳ ತಳಕ್ಕೆ ಒತ್ತಿ ಹಿಡಿಯುತ್ತದೆ. ಸ್ಪ್ಯಾನರ್ ಮುಂದೆ ಹೋಗದಂತೆ ಮೆತ್ತಗೆ ನಿಂತಾಗ, ಒಳಗೆ ವಾಲ್ವುಗಳಿಗೆ ಹಾಸಿಗೆ ಸಿದ್ಧವಾಗಿದೆ ಎಂದರ್ಥ.

ಒಳಗೆ ಏನೂ ಬೀಳದಿರಲೆಂದು ಉಳಿದ ಎರಡು ಪ್ಲಗ್ ತೂತುಗಳಿಗೆ ಬಟ್ಟೆ ತುರುಕಿದೆ. ಎಣ್ಣೆ ಇಳಿಯುವ ತೂತುಗಳಿಗೂ.

ಮುರಿದ ಸ್ಪ್ರಿಂಗಿನಿಂದಲೇ ಶುರು. ಹಿಡಿಕೆ ಒತ್ತಿದರೆ ಸ್ಪ್ರಿಂಗು ಕುಗ್ಗುತ್ತದೆ, ವಾಲ್ವಿನ ಕಾಂಡಕ್ಕೆ ಕಚ್ಚಿಕೊಂಡ ಎರಡು ಲಾಕುಗಳು ಸಡಿಲಾಗುತ್ತವೆ. ಲಾಕು ಎಂದರೆ ಉಗುರಿನಷ್ಟೂ ಇಲ್ಲದ ಅರ್ಧಚಂದ್ರಾಕಾರದ ಉಕ್ಕಿನ ಚೂರು. ಉದ್ದ ಹಿಡಿಕೆಯ ಮ್ಯಾಗ್ನೆಟ್ಟಿನಿಂದ ಅವನ್ನು ಎತ್ತಬೇಕು. ಹಳೆ ಸೀಲು ಒಣಗಿದ ಬೋರೆಹಣ್ಣಿನ ಸಿಪ್ಪೆಯಂತೆ ಪುಡಿಯಾಗಿ ಬಂತು. ಹೊಸ ಸೀಲಿಗೆ ಎಣ್ಣೆ ಹಚ್ಚಿ ಕೂರಿಸಿ, ಹೊಸ ಸ್ಪ್ರಿಂಗು ಇಟ್ಟು, ಒತ್ತಿ, ಲಾಕುಗಳಿಗೆ ತುಸು ಗ್ರೀಸ್ ಮೆತ್ತಿ ಅಂಟಿಸಿ, ಹಿಡಿಕೆ ಬಿಟ್ಟರೆ, ಆಯಿತು. ಒಂದು ಸಿಲಿಂಡರ್ ಮುಗಿದಂತೆ ಹಗ್ಗವನ್ನು ಮುಂದಿನದಕ್ಕೂ ಬಟ್ಟೆಯನ್ನು ಮುಗಿದದ್ದಕ್ಕೂ ಬದಲಿಸಿದೆ. ಕೈ ಪಳಗಿದ ಮೇಲೆ ಒಂದರ ಹಿಂದೊಂದು ಸಲೀಸಾಗಿ ಆದವು. ಹಳೆಯ ಸ್ಪ್ರಿಂಗುಗಳನ್ನು ಹೊಸದರ ಪಕ್ಕ ನಿಲ್ಲಿಸಿ ನೋಡಿದೆ. ಎಲ್ಲವೂ ಕುಳ್ಳಾಗಿದ್ದವು, ಒಂದಂತೂ ಸೊಂಟ ನೋವಿನವರಂತೆ ಓರೆ ನಿಂತಿತ್ತು.

ಇಷ್ಟರ ನಡುವೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದರು. "ಮೇಡಂ, ಇದಿ ಪಾರ್ಕಿಂಗ್ ಅಂಡಿ, ಗ್ಯಾರೇಜ್ ಕಾದು." ಇದು ಗ್ಯಾರೇಜಲ್ಲವಂತೆ.

"ಗೊತ್ತಾಯ್ತು ಸರ್. ಸಾಯಂಕಾಲದೊಳಗೆ ಮುಗೀತದೆ," ಎಂದು ತೆಲುಗಿನಲ್ಲೇ ಹೇಳಿದೆ. ಅವರು ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ ಎಂದು ಬಗ್ಗಿ ಹುಡುಕಿದರು. ನಾನು ರಟ್ಟು ಹಾಸಿದ್ದೆ. ಕಲೆ ಸಿಗದ ಬೇಸರದಲ್ಲಿ ಗೇಟಿನ ಕಡೆ ಹೋದರು. ಒಂದನೇ ಮಹಡಿಯ ಅಜ್ಜಿ, ಇಸ್ತ್ರಿಯವನು, ಕೊರಿಯರಿನವನು, ಎಲ್ಲರೂ ನಿಂತು ನೋಡಿ ಒಂದೊಂದು ಸಲಹೆ ಬಿಟ್ಟು ಹೋದರು. ಮಾವ ಪ್ರತಿಯೊಬ್ಬರಿಗೂ ಹಗ್ಗದ ತತ್ವ ವಿವರಿಸಿದರು, ತಪ್ಪಾಗಿ.

ಕೊನೆಯ ಸ್ಪ್ರಿಂಗು, ಮೂರನೇ ಸಿಲಿಂಡರಿನದು. ಹಿಡಿಕೆ ಒತ್ತಿ ಹಿಡಿದಿದ್ದೆ, ಒಂದು ಲಾಕು ಕೂತಿತ್ತು, ಎರಡನೆಯದನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಳಕ್ಕೆ ತಳ್ಳುತ್ತಿದ್ದೆ. ಆಗ ಗೇಟಿನಲ್ಲಿ ನೀರಿನ ಟ್ಯಾಂಕರ್ ಬಂದು, ನನ್ನ ಬೆನ್ನ ಹಿಂದೆಯೇ ಹಾರ್ನ್ ಹೊಡೆಯಿತು. "ಟ್ಯಾಂಕರ್ ವಚ್ಚಿಂದಿ! ಬಂಡಿ ತೀಯಂಡಿ!" ಗೇಟಿನಿಂದ ಸೆಕ್ರೆಟರಿ ಕೂಗಿದರು. ಗಾಡಿ ತೆಗೆಯಬೇಕಂತೆ. ಹೃದಯ ಬಿಚ್ಚಿಟ್ಟ ರೋಗಿಗೆ ಎದ್ದು ಪಕ್ಕಕ್ಕೆ ಸರಿ ಅಂದ ಹಾಗೆ. ನಾನು ತಿರುಗಿದೆ, ಹಿಡಿಕೆ ಜಾರಿತು.

'ಟಿಂಗ್' ಎಂದು ಬಾನೆಟ್ಟಿನ ಒಳಮೈಗೆ ಏನೋ ಬಡಿಯಿತು. ಆಮೇಲೆ ಏನೂ ಕೇಳಲಿಲ್ಲ. ಕಲ್ಲಿನ ನೆಲಕ್ಕೋ ರಟ್ಟಿಗೋ ಬಿದ್ದಿದ್ದರೆ ಕೇಳಬೇಕಿತ್ತು.

ಎಂಜಿನ್ನಿನ ಮೇಲೆ ಕಣ್ಣಾಡಿಸಿದೆ. ಎರಡನೇ ಸಿಲಿಂಡರಿನ ಪ್ಲಗ್ ತೂತು ಕಪ್ಪಗೆ ಬಾಯಿ ತೆರೆದುಕೊಂಡಿತ್ತು. ಅದರಲ್ಲಿದ್ದ ಬಟ್ಟೆ ಇರಲಿಲ್ಲ.

ಮಾವ ಅದೇ ಬಟ್ಟೆಯಿಂದ ಚಸ್ಮಾ ಒರೆಸುತ್ತಿದ್ದರು.

"ಮಾವ," ಅಂದೆ. "ಆ ಅರಿವಿ ಎಲ್ಲಿಂದ ತಗೊಂಡ್ರಿ?"

"ಇಲ್ಲೇ ಇತ್ತು. ಸುಮ್ನ ಸಿಗಿಸಿಟ್ಟಿದ್ದಿ." ನನ್ನ ಮುಖ ನೋಡಿ ಅವರ ಕೈ ನಿಂತಿತು. "ಯಾಕ? ಏನಾತು?"

ಟ್ಯಾಂಕರಿನವನು ಅಷ್ಟರಲ್ಲಿ ಗೇಟಿನ ಹೊರಗಿನಿಂದಲೇ ಪೈಪು ಎಳೆದು ನೆಲದಡಿಯ ತೊಟ್ಟಿಗೆ ನೀರು ಬಿಟ್ಟ. ಮೊದಲೇ ಹಾಗೆ ಮಾಡಬಹುದಿತ್ತು.

ನೆಲವನ್ನೆಲ್ಲ ಗುಡಿಸಿದೆವು. ರಟ್ಟು ಕೊಡವಿದೆವು, ಬ್ಯಾಟರಿಯ ಕೆಳಗೆ, ರೇಡಿಯೇಟರಿನ ಸಂದಿಯಲ್ಲಿ ಟಾರ್ಚು ಬಿಟ್ಟೆವು. ಸೆಕ್ರೆಟರಿಯೂ ಪ್ಯಾಂಟು ಮಡಿಚಿ ಮಂಡಿಯೂರಿ ಹುಡುಕಿದರು. ಅದಕ್ಕೆ ಅವರಿಗೆ ನಾನು ಋಣಿ. ಲಾಕು ಸಿಗಲಿಲ್ಲ. ಹೆಚ್ಚುವರಿ ಜೋಡಿ ನನ್ನ ಬಳಿ ಇತ್ತು. ಹಾಕಿದರೆ ಮಧ್ಯಾಹ್ನದೊಳಗೆ ಗಾಡಿ ಶುರುವಾಗುತ್ತಿತ್ತು.

"ಎಲ್ಲೋ ಹೊರಗ ಬಿದ್ದಿರತೈತಿ. ಹೊಸಾದು ಹಾಕಿ ಶುರು ಮಾಡು," ಮಾವ ಹೇಳಿದರು. "ನನ್ನ ಕೈಯಾಗ ಅರಿವಿ ಇತ್ತು ಅಂದ್ರ ಅದs ತೂತಿನ್ಯಾಗ ಬಿತ್ತು ಅಂತ ಹ್ಯಾಂಗ ಹೇಳ್ತಿ?"

"ಬಿದ್ದಿಲ್ಲ ಅಂತ ನೀವು ಹ್ಯಾಂಗ ಹೇಳ್ತೀರಿ?"

"ಇಷ್ಟು ಸಣ್ಣ ಚೂರು ಏನ್ ಮಾಡತೈತಿ?"

ಆ ಸಣ್ಣ ಚೂರು ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕರೆ ಏನಾಗುತ್ತದೆಂದು ನಾನು ವಿವರಿಸಲಿಲ್ಲ. ಕೂಗಿಬಿಡುತ್ತೇನೆಂಬ ಭಯವಿತ್ತು. ಮೂರನೇ ಸಿಲಿಂಡರಿಗೆ ಹೆಚ್ಚುವರಿ ಲಾಕು ಹಾಕಿ ಮುಗಿಸಿ, ಹಗ್ಗ ಎಳೆದು, ಎರಡನೇ ತೂತಿನೊಳಗೆ ಮ್ಯಾಗ್ನೆಟ್ ಇಳಿಸಿದೆ. ಅದು ಕೂಡಲೇ ಏನನ್ನೋ ಗಪ್ಪನೆ ಹಿಡಿಯಿತು. ಎಳೆದರೆ ಬರಿಗೈ. ಮ್ಯಾಗ್ನೆಟ್ಟು ಹಿಡಿದದ್ದು ಸಿಲಿಂಡರಿನ ಬೀಡುಕಬ್ಬಿಣದ ಗೋಡೆಯನ್ನು. ಮತ್ತೆ ಇಳಿಸಿದೆ, ಮತ್ತೆ ಗೋಡೆ. ಹತ್ತಾರು ಸಲ ಗೋಡೆಯನ್ನೇ ಹಿಡಿದು ಮೋಸ ಹೋದೆ. ಒಳಗೆ ಲಾಕು ಇದೆಯೋ ಇಲ್ಲವೋ ಎನ್ನುವುದೂ ತಿಳಿಯಲಿಲ್ಲ. ಇಲ್ಲದ ವಸ್ತುವಿಗಾಗಿ ಹುಡುಕುತ್ತಿದ್ದೇನೋ ಎಂಬ ಅನುಮಾನಕ್ಕಿಂತ ಸಿಟ್ಟು ತರಿಸುವುದು ಬೇರೆ ಇಲ್ಲ.

ಊಟದ ಹೊತ್ತಿಗೆ ಟೀಚರಮ್ಮ ಫೋನ್ ಮಾಡಿದರು. "ಆತೇನ್ರೀ?"

'ಆಗ್ತದ್ರಿ' ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಕೀಲಿ ತಿರುಗಿಸಿದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಬಹುಶಃ ಲಾಕು ಚರಂಡಿಯಲ್ಲಿತ್ತು. ಆದರೆ ಟೆಸ್ಟಿನ ಏರಿನ ಮೇಲೆ, ಸ್ಟೀರಿಂಗ್ ಹಿಡಿದವರು ಟೀಚರಮ್ಮ. ಎಂಜಿನ್ ಅಲ್ಲಿ ಕಚ್ಚಿಕೊಂಡು ನಿಂತರೆ ಅವರು ಮತ್ತೆ ಕೈ ಮೇಲೆತ್ತಿ 'ನಾ ಏನೂ ಮಾಡಿಲ್ರೀ' ಅನ್ನುತ್ತಾರೆ. ಆ ಸಲ ಮನಸ್ಸಿನೊಳಗೆ ತಾವೇ ಮಾಡಿದ್ದು ಅಂದುಕೊಳ್ಳುತ್ತಾರೆ.

"ಇಲ್ರಿ, ಆಗೂದಿಲ್ಲ. ನನ್ನ ಗಾಡಿ ನಾಳೆ ಬರೂದಿಲ್ಲ. ಬ್ಯಾರೆ ಗಾಡಿ ತರ್ತೀನಿ."

ಅತ್ತ ಕಡೆಯಿಂದ ತರಗತಿಯಲ್ಲಿ ಗದರುವ ದನಿ ಬಂತು. "ನಿಮ್ಮ ಕ್ಲಚ್ ಕಲಿಯಾಕ ನಂಗ ಎಷ್ಟು ದಿನಾ ಹಿಡೀತು ಗೊತ್ತೈತಿಲ್ಲೋ? ಈಗ ಹಿಂದಿನ ದಿನ ಹೇಳ್ತೀರಲ್ರೀ. ನಾ ಬರಂಗಿಲ್ಲ." ಫೋನ್ ಇಟ್ಟರು.

ನಾನು ಸೋಪಿನ ಪುಡಿಯಿಂದ ಕೈ ಉಜ್ಜಿಕೊಂಡು, ಎಂಜಿನ್ನಿನ ಮೇಲೆ ಹಳೆ ಚಾದರ ಹೊದಿಸಿ, ಮೂರೂ ಪ್ಲಗ್ಗುಗಳನ್ನು ಕೈಯಿಂದಲೇ ತಿರುಗಿಸಿ ತೂತು ಮುಚ್ಚಿ, ಹೊರಟೆ. ಮಾವನಿಗೆ ಒಂದೇ ಮಾತು ಹೇಳಿದೆ: "ಯಾರೂ ಮುಟ್ಟಬಾರದು. ನೀವೂ ಸೈತ."

ನಮ್ಮ ಬೀದಿಯ ಕೊನೆಯಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲು ಇದೆ. ಅದರ ಮಾಲೀಕನಿಗೂ ನನಗೂ ವರ್ಷಗಳಿಂದ ನಗು ಮಾತ್ರ, ಮಾತಿಲ್ಲ. ನಮ್ಮ ಬೋರ್ಡಿನ ಮೇಲೆ ಅವನದು, ಅವನ ಬೋರ್ಡಿನ ಮೇಲೆ ನಮ್ಮದು ಪಾಂಪ್ಲೆಟ್ ಬೀಳುತ್ತಿತ್ತು. ಅವನ ಮುಂದೆ ನಿಂತು ಕಾರು ಕೇಳುವುದು ಸ್ಪ್ರಿಂಗ್ ಒತ್ತುವುದಕ್ಕಿಂತ ಕಷ್ಟವಾಯಿತು.

ಅವನು ಎಲ್ಲ ಕೇಳಿ, "ಟೆನ್ಷನ್ ನಕ್ಕೋ ಲೋ ಆಪಾ," ಅಂದ. "ಗಾಡಿ ಲೇಜಾವ್. ಮಗರ್ ಪಾಸ್ ಹುಯೀ ತೋ ಬೋಲನಾ, ಮೇರಿ ಗಾಡಿ ಮೇ ಪಾಸ್ ಹುಯೀ." ಚಿಂತೆಯಿಲ್ಲದೆ ಗಾಡಿ ಒಯ್ಯಬಹುದು, ಆದರೆ ಪಾಸಾದರೆ ಅವನ ಗಾಡಿಯಲ್ಲಿ ಪಾಸಾದರೆಂದು ಹೇಳಬೇಕು. ಒಪ್ಪಿಕೊಂಡೆ. ಹಲ್ಲು ಕಚ್ಚಿ ಒಪ್ಪಿಕೊಂಡೆ.

ಆ ಕಾರನ್ನು ಶಾಲೆಯ ಗೇಟಿಗೇ ತೆಗೆದುಕೊಂಡು ಹೋಗಿ ನಿಲ್ಲಿಸಿದೆ. ಶಾಲೆ ಬಿಟ್ಟಾಗ ಟೀಚರಮ್ಮ ನನ್ನನ್ನು ನೋಡಿಯೂ ನೋಡದಂತೆ ಆಟೋ ಕರೆದರು. ಆಟೋದವನು ಬರುವುದಿಲ್ಲ ಅಂದ. ಎರಡನೆಯವನೂ ಅಂದ. ಅವರು ಬಂದು ಬಾಗಿಲು ತೆಗೆದು, ಚಾಲಕನ ಸೀಟಿನಲ್ಲಿ ಕೂತು, ಬ್ಯಾಗನ್ನು ನನ್ನ ತೊಡೆಯ ಮೇಲೆ ಒಗೆದರು.

ಸಂಜೆಯವರೆಗೆ ಒಂದೇ ಏರನ್ನು ಹತ್ತಿದೆವು, ಇಳಿದೆವು. ಆ ಕಾರಿನ ಕ್ಲಚ್ ಬೆಣ್ಣೆ. ನನ್ನ ಕಾರಿನದಕ್ಕೆ ಒಗ್ಗಿದ ಟೀಚರಮ್ಮನ ಕಾಲು ಅದನ್ನು ಒದೆಯುತ್ತಿತ್ತು. ಕಾರು ನಿಂತಿತು, ಮತ್ತೆ ನಿಂತಿತು. "ಬಿಡ್ರಿ, ನಂದಾಗಂಗಿಲ್ಲ," ಅಂದಾಗಲೆಲ್ಲ ನಾನು, "ಹಿಮ್ಮಡಿ ನೆಲಕ್ಕ ಊರ್ರಿ, ಬರೇ ಬೆರಳಿಂದ ಬಿಡ್ರಿ," ಅಂದೆ. ನನ್ನ ಮನಸ್ಸಿನ ಅರ್ಧ ಆ ಕಪ್ಪು ತೂತಿನೊಳಗೇ ಇತ್ತು. ಹೊತ್ತು ಮುಳುಗುವ ಮುಂಚೆ ಅವರು ಒಮ್ಮೆ ಹತ್ತಿದರು, ಇನ್ನೊಮ್ಮೆ ಹತ್ತಿದರು. ಆಮೇಲೆ ನಾನು ಹೇಳುವುದನ್ನು ನಿಲ್ಲಿಸಿದೆ.

ಮರುದಿನ ಟೆಸ್ಟ್ ಟ್ರ್ಯಾಕಿನ ಬೇಲಿಯ ಹೊರಗೆ ನಿಂತು ನೋಡಿದೆ. ಏರಿನ ನಡುವೆ ನಿಲ್ಲಿಸಬೇಕಾದ ಗೆರೆಯಲ್ಲಿ ಕಾರು ನಿಂತಿತು. ಒಂದು ಕ್ಷಣ ತುಸು ಹಿಂದಕ್ಕೆ ಜಾರಿತು. ನನ್ನ ಕಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತಿತು. ಆಮೇಲೆ ಕಾರು ಏನೂ ನಡೆದೇ ಇಲ್ಲವೆಂಬಂತೆ ಏರು ಹತ್ತಿ ಆಚೆ ಇಳಿಯಿತು.

ಹೊರಬಂದ ಟೀಚರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಅವರ ಮೊದಲ ಮಾತು: "ಈ ಗಾಡಿ ಭಾಳ ಛಲೋ ಐತ್ರಿ. ಹೇಳಿದ ಮಾತು ಕೇಳತೈತಿ. ನಿಮ್ದು ಬರೇ ಜಗಳಗಂಟಿ."

ಆ ಎರಡು ದಿನದಲ್ಲಿ ನಾನು ನಕ್ಕದ್ದು ಆಗ ಮೊದಲು.

ಹಿಂದಿರುಗುವಾಗ ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಯಲ್ಲಿ ಇಳಿದು, ಮೊಬೈಲಿಗೆ ಸಿಕ್ಕಿಸುವ, ತುದಿಗೆ ದೀಪವಿರುವ ದಾರದಂಥ ಕ್ಯಾಮೆರಾ ಕೊಂಡೆ. ಚಾದರ ಹೇಗೆ ಹೊದಿಸಿದ್ದೆನೋ ಹಾಗೆಯೇ ಇತ್ತು. ಮಾವನ ಕುರ್ಚಿ ಕಾವಲುಗಾರನಂತೆ ಅದರ ಪಕ್ಕದಲ್ಲಿ ಇತ್ತು. ಇಸ್ತ್ರಿಯವನನ್ನೂ ಹತ್ತಿರ ಬಿಟ್ಟಿರಲಿಲ್ಲವಂತೆ. ಕ್ಯಾಮೆರಾ ಇಳಿಸಿದೆ. ಮೊಬೈಲಿನಲ್ಲಿ ಪಿಸ್ಟನ್ನಿನ ತಲೆ ಹಳೆಯ ರೊಟ್ಟಿ ಹಂಚಿನಂತೆ ಕಪ್ಪಗೆ ಕಂಡಿತು. ತಿರುಗಿಸಿದೆ. ಅಂಚಿನಲ್ಲಿ, ಗೋಡೆಗೆ ಒರಗಿ, ಹೊಳೆಯುವ ಅರ್ಧಚಂದ್ರ.

ಮೊಬೈಲನ್ನು ಮಾವನ ಮುಂದೆ ಹಿಡಿದೆ. ಅವರು ಚಸ್ಮಾ ತೆಗೆದು, ಅಂಗಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ, "ನಿನ್ನಿ ನೀ ನನ್ನ ಮಾತು ಕೇಳಿದ್ರ...?" ಅಂದರು, ಪೂರ್ತಿ ಮಾಡಲಿಲ್ಲ.

"ಕೇಳ್ಲಿಲ್ಲಲ್ರಿ. ಟಾರ್ಚ್ ಹಿಡೀರಿ."

ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ಕತ್ತರಿಸಿ ಮ್ಯಾಗ್ನೆಟ್ಟಿನ ಕುತ್ತಿಗೆಗೆ ತೊಡಿಸಿದೆ. ತುದಿ ಮಾತ್ರ ಹೊರಗೆ. ಈಗ ಗೋಡೆ ಅದನ್ನು ಸೆಳೆಯಲಿಲ್ಲ. ಲಾಕು ಕಿಟಕ್ಕನೆ ಅಂಟಿಕೊಂಡಿತು. ತೂತಿನ ಅಂಚಿನಲ್ಲಿ ಒಮ್ಮೆ ಜಾರಿತು. ಮಾವ "ಹೋ" ಅಂದರು. ಮತ್ತೆ ಹಿಡಿದು ಹೊರಗೆ ತಂದೆ. ಅವರ ಅಂಗೈ ಮೇಲೆ ಇಟ್ಟೆ. ಅವರು ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡರು, ಹಾರಿಹೋಗುತ್ತದೆಂಬಂತೆ.

ಉಳಿದದ್ದು ತಾಳ್ಮೆಯ ಕೆಲಸ. ಪ್ರತಿ ವಾಲ್ವಿನ ತಲೆಗೂ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆತ್ತಗೆ ಬಡಿದು ಲಾಕುಗಳು ಕಚ್ಚಿವೆಯೇ ನೋಡಿದೆ. ರಾಕರ್ ಶಾಫ್ಟು ಹಾಕಿ, ತೆಳು ಪಟ್ಟಿ ತೂರಿಸಿ ಒಂದೊಂದರ ಸಂದು ಸರಿ ಮಾಡಿದೆ. ಕೈಯಿಂದ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆದೆ. ಎಣ್ಣೆ ತೂತುಗಳ ಬಟ್ಟೆ ತೆಗೆದು, ಪ್ಲಗ್ಗುಗಳನ್ನೂ ಮುಚ್ಚಳವನ್ನೂ ಬಿಗಿದು, ಬಾನೆಟ್ ಇಳಿಸಿದೆ. ಬೆನ್ನು ನೆಟ್ಟಗಾಗಲು ನಿರಾಕರಿಸಿತ್ತು. ಮಾವ ತಮ್ಮ ಕುರ್ಚಿಯನ್ನು ನನ್ನ ಹಿಂದೆ ತಂದಿಟ್ಟರು. ನಾನು ಕೂರಲಿಲ್ಲ, ಕಾರಿನೊಳಗೆ ಹೋಗಿ ಕೀಲಿ ತಿರುಗಿಸಿದೆ.

ಸ್ಟಾರ್ಟರ್ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಚಮಚದ ಸದ್ದಿಲ್ಲ, ನಡುಕವಿಲ್ಲ; ಎಂಜಿನ್ ಓಡುತ್ತಿದೆ ಎಂದು ಹೇಳಲು ಸ್ಟೀರಿಂಗಿನ ಮೇಲಿದ್ದ ನನ್ನ ಕೈಗೆ ಹಗುರವಾದ, ಒಂದೇ ಸಮನಾದ ಕಂಪನ ಮಾತ್ರ ತಾಗುತ್ತಿತ್ತು.

ಮಾವ ಬಾನೆಟ್ಟಿನ ಮೇಲೆ ಬಗ್ಗಿ, ಕಿವಿ ಹತ್ತಿರ ತಂದು ಆಲಿಸಿದರು. ಆಮೇಲೆ ತಲೆಯೆತ್ತಿ ಗಾಜಿನ ಮೂಲಕ ನನ್ನನ್ನು ನೋಡಿ, ಎಂಜಿನ್ ಬಿಚ್ಚಿದಂದಿನಿಂದ ಮೊದಲ ಸಲ, ಗೊತ್ತಿಲ್ಲದವರಂತೆ ಕೇಳಿದರು:

"ಸಪ್ಪಳನs ಬರವಲ್ದಲ್ಲ. ಶುರು ಆಗೈತೋ, ಇಲ್ಲೋ?"